ಹಾರುವ ಬೈಕೋ, ಪ್ಯಾರಾಮೋಟರೋ, ಮೈಕ್ರೋಲೈಟೋ? ಹಣ ಕಟ್ಟುವ ಮೊದಲು ಓದಿ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು: ನಾನೇ ಹಾರಬೇಕು, ಯಾವುದಕ್ಕೆ ಹಣ ಹಾಕಲಿ?

ಮೊದಲನೆಯವನು ಅಕ್ಕನ ಮಗ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕೆಲಸ. "ಮಾಮ, ಇಲ್ಲಿ ಲೈಸೆನ್ಸೇ ಇಲ್ಲದೆ ಹಾರುವ ಬೈಕ್ ಓಡಿಸಬಹುದಂತೆ. ಬುಕ್ ಮಾಡಿಬಿಡ್ಲಾ?" ಎಂದ. ಎರಡನೆಯವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಹಳೇ ಗೆಳೆಯರು. ಈ ಸಲ ಒಳ್ಳೆ ರೇಟು ಸಿಕ್ಕಿದೆ, ಹನ್ನೆರಡು ಲಕ್ಷದವರೆಗೆ ಖರ್ಚು ಮಾಡಲು ತಯಾರು. ಮೂರನೆಯವಳು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ಬುಲೆಟ್ ಓಡಿಸುತ್ತಾಳೆ. ಕೈಯಲ್ಲಿರುವುದು ಮೂವತ್ತು ಸಾವಿರ ರೂಪಾಯಿ, ಜೊತೆಗೆ ಅಪ್ಪ ಅಮ್ಮನ ಅರೆಮನಸ್ಸಿನ ಒಪ್ಪಿಗೆ.

ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಪೂರ್ತಿ ಉತ್ತರ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಂಬತ್ತು ವರ್ಷದಿಂದ ಪ್ಯಾರಾಮೋಟರ್, ಅಂದರೆ ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯಲ್ಲಿ ಹಾರುವ ಸಾಧನ, ಹಾರಿಸುತ್ತಿದ್ದೇನೆ. ನನ್ನ ಒಲವು ಆ ಕಡೆ ಇದೆ. ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಓದಿ.

ಬೈಕ್ ಅನ್ನೋ ಹೆಸರಿನ ಸೆಳೆತ

ಹ್ಯಾಂಡಲ್ ಹಿಡಿದು, ಸೀಟಿನ ಮೇಲೆ ಕಾಲು ಹಾಕಿ ಕೂತು, ನೆಲ ಬಿಟ್ಟು ಮೇಲೇಳುವುದು. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತವರಿಗೆಲ್ಲ ಒಮ್ಮೆಯಾದರೂ ಬಂದಿರುತ್ತದೆ. ವಿಮಾನ ಅಂದರೆ ಬೇರೆ ಯಾರೋ ಓಡಿಸುವುದು. ಬೈಕ್ ಅಂದರೆ ನಮ್ಮದು. ಮೈ ಬಾಗಿಸಿದರೆ ತಿರುಗುತ್ತದೆ, ಕೈ ತಿರುಗಿಸಿದರೆ ಓಡುತ್ತದೆ. ಹದಿನೆಂಟನೇ ವಯಸ್ಸಿಗೇ ನಮ್ಮ ಮೈ ಕಲಿತುಬಿಟ್ಟ ವಿದ್ಯೆ ಅದು.

ಮೋಸ ಹೋಗುವುದೂ ಅಲ್ಲಿಯೇ. ರಸ್ತೆಯಲ್ಲಿ ಏನೋ ಸರಿ ಇಲ್ಲ ಅನಿಸಿದರೆ ಏನು ಮಾಡುತ್ತೇವೆ? ಬ್ರೇಕ್ ಹಿಡಿದು, ಕಾಲು ನೆಲಕ್ಕೆ ಊರಿ ನಿಲ್ಲುತ್ತೇವೆ. ಗಾಳಿಯಲ್ಲಿ ಕಾಲೂರುವ ಜಾಗ ಇಲ್ಲ. ಒಂದೇ ಕಡೆ ನಿಂತು ತೇಲುವುದಕ್ಕೇ ಹೆಚ್ಚುಕಡಿಮೆ ಎಲ್ಲಕ್ಕಿಂತ ಜಾಸ್ತಿ ಶಕ್ತಿ ಬೇಕು. ಬೈಕ್ ನಿಲ್ಲಿಸಿದರೆ ಪೆಟ್ರೋಲ್ ಉಳಿಯುತ್ತದೆ. ಹಾರುವ ಬೈಕ್ ನಿಂತಲ್ಲೇ ನಿಂತರೆ ಬ್ಯಾಟರಿ ಸುರಿದುಹೋಗುತ್ತದೆ.

ಎಷ್ಟು ಅಂದರೆ, ಸವಾರನೂ ಗಾಡಿಯೂ ಸೇರಿ 200 ಕಿಲೋ ಇದ್ದರೆ, ಅಷ್ಟನ್ನು ಚಿಕ್ಕ ಚಿಕ್ಕ ಪ್ರೊಪೆಲ್ಲರ್‌ಗಳಿಂದ ಗಾಳಿಯಲ್ಲಿ ಎತ್ತಿಹಿಡಿಯಲು ಸುಮಾರು 40ರಿಂದ 50 ಕಿಲೋವ್ಯಾಟ್ ಬೇಕು. ನಮ್ಮ ಬೀದಿಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲಿ ಮೂರೂವರೆ ಯೂನಿಟ್ ಕರೆಂಟು ಹಿಡಿಯುತ್ತದೆ ಅಂದುಕೊಳ್ಳಿ. ಊರು ಸುತ್ತಲು ಅದು ಧಾರಾಳ. ಇಲ್ಲಿ ಐದೇ ನಿಮಿಷಕ್ಕೆ ಖಾಲಿ. ಅದಕ್ಕೇ ಈ ಗಾಡಿಗಳ ಹಾರಾಟ ಹತ್ತು, ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ.

ಏನನ್ನು ನೋಡಿ ಆರಿಸಬೇಕು

ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಂಜಿನ್ ನಿಂತರೆ ಏನಾಗುತ್ತದೆ? ವೇಗ, ಬಣ್ಣ, ಬೆಲೆ ಎಲ್ಲ ಆಮೇಲೆ. ಉತ್ತರ "ತೇಲುತ್ತಾ ಇಳಿಯುತ್ತದೆ" ಅಂತಿದ್ದರೆ ಒಂದು ಲೆಕ್ಕ, "ಬೀಳುತ್ತದೆ" ಅಂತಿದ್ದರೆ ಇನ್ನೊಂದು ಲೆಕ್ಕ.

ಎರಡನೆಯದು ಎತ್ತರ. "ಐದೇ ಮೀಟರ್ ಮೇಲೆ ಹಾರೋದು ತಾನೇ, ಬಿದ್ದರೂ ಏನಾಗುತ್ತೆ" ಅಂತ ಬಹಳ ಜನ ಹೇಳುತ್ತಾರೆ. ಐದು ಮೀಟರಿನಿಂದ ಬಿದ್ದರೆ ಒಂದು ಸೆಕೆಂಡಿನಲ್ಲಿ ನೆಲ ಸಿಗುತ್ತದೆ, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ. ಹತ್ತು ಮೀಟರಿನಿಂದ ಬಿದ್ದರೆ 50. ಮೂವತ್ತು ಮೀಟರಿನಿಂದಾದರೆ ಎರಡೂವರೆ ಸೆಕೆಂಡು, 87 ಕಿಲೋಮೀಟರ್ ವೇಗ. ರಾಕೆಟ್‌ನಿಂದ ಚಿಮ್ಮುವ ಪ್ಯಾರಾಚೂಟ್ ಇದ್ದರೂ ಅದು ಅರಳಲು ಸಮಯ ಬೇಕು, ಎತ್ತರವೂ ಬೇಕು. ಕಟ್ಟಡದ ಎತ್ತರದಲ್ಲಿ ಅವೆರಡೂ ಇಲ್ಲ. ಅಂದರೆ ಏಟು ತಿನ್ನುವಷ್ಟು ಎತ್ತರ, ಪ್ಯಾರಾಚೂಟ್‌ಗೆ ಸಾಲದಷ್ಟು ಕೆಳಗೆ. ಹಾರುವ ಬೈಕು ತಿರುಗಾಡುವುದು ಸರಿಯಾಗಿ ಈ ಮಧ್ಯದ ಪಟ್ಟಿಯಲ್ಲೇ. ಕಲಿಯುವವರಿಗೆ ಎತ್ತರ ಅಂದರೆ ಭಯ. ಹಾರಿ ಅಭ್ಯಾಸ ಆದವರಿಗೆ ಎತ್ತರ ಅಂದರೆ ಕೈಯಲ್ಲಿರುವ ಸಮಯ.

ಮಿಕ್ಕಿದ್ದು ಇಷ್ಟು: ಕಾನೂನು ಒಪ್ಪುತ್ತದಾ, ಸರಿಯಾಗಿ ಕಲಿಸುವವರು ಇದ್ದಾರಾ, ಒಂದು ಬೋಲ್ಟು ಮುರಿದರೆ ಎಲ್ಲಿ ಸಿಗುತ್ತದೆ, ಕಂಪನಿ ಐದು ವರ್ಷ ಬಾಳುತ್ತದಾ. ಕೊನೆಯದನ್ನು ಹಗುರವಾಗಿ ತಗೋಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಿಜವಾದ ಹಾರುವ ಬೈಕುಗಳು

ಬೈಕಿನಂತೆ ಕಾಲು ಹಾಕಿ ಕೂರುವ ಗಾಡಿಗಳಲ್ಲಿ ಮೂರು ಹೆಸರು ಜಾಸ್ತಿ ಓಡಾಡಿವೆ.

ಹೋವರ್‌ಸರ್ಫ್ ಕಂಪನಿಯ ಸ್ಕಾರ್ಪಿಯನ್. 114 ಕಿಲೋ ತೂಕ, ನಾಲ್ಕು ಮೂಲೆಗೆ ಪ್ರೊಪೆಲ್ಲರ್, ಬೆಲೆ 1.5 ಲಕ್ಷ ಡಾಲರ್. ದುಬೈ ಪೊಲೀಸರು ಇದರ ಮೇಲೆ ತರಬೇತಿ ಶುರು ಮಾಡಿದ ಸುದ್ದಿ 2018ರಲ್ಲಿ ಜಗತ್ತೆಲ್ಲ ಹರಿದಾಡಿತ್ತು. 2020ರಲ್ಲಿ ಅದೇ ದುಬೈಯಿಂದ ಇನ್ನೊಂದು ವಿಡಿಯೊ ಹೊರಬಂತು. ನೋಡಿಲ್ಲ ಅಂದರೆ ಹುಡುಕಿ ನೋಡಿ. ಗಾಡಿ ಸುಮಾರು 30 ಮೀಟರ್ ಮೇಲಕ್ಕೆ ಹೋಗುತ್ತದೆ, ಅಲ್ಲಿ ಹದ ತಪ್ಪುತ್ತದೆ, ಕೆಳಗೆ ಬಂದು ಬಡಿಯುತ್ತದೆ. ಪ್ರೊಪೆಲ್ಲರ್‌ಗಳು ನೆಲಕ್ಕೆ ತಾಗಿ ಚೂರುಚೂರಾಗಿ ಸಿಡಿಯುತ್ತವೆ, ಸವಾರ ಅವುಗಳ ನಡುವೆಯೇ ಇದ್ದಾನೆ. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಎತ್ತರ ಅಳೆಯುವ ಬ್ಯಾರೋಮೀಟರ್ ಕೆಟ್ಟಿದ್ದೇ ಕಾರಣ ಅಂತ ಕಂಪನಿ ಹೇಳಿತು.

ಆ ವಿಡಿಯೊವನ್ನು ನಾನು ಹತ್ತು ಸಲವಾದರೂ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ನನ್ನ ಕಣ್ಣು ಹೋಗುವುದು ಸವಾರನ ಮೊಣಕಾಲಿಗೆ. ಮೊಣಕಾಲಿಗೂ ತಿರುಗುವ ಅಲಗಿಗೂ ನಡುವೆ ಗಟ್ಟಿಯಾದ ಅಡ್ಡ ಏನೂ ಇಲ್ಲ. ಮನೆಯ ಮಿಕ್ಸಿಗೂ ಮುಚ್ಚಳ ಇರುತ್ತದೆ ಅಲ್ವಾ? ಇನ್ನೊಂದು ವಿಷಯ, ನಾಲ್ಕೇ ಮೂಲೆಗೆ ಒಂದೊಂದೇ ಪ್ರೊಪೆಲ್ಲರ್ ಇರುವ ಗಾಡಿಯಲ್ಲಿ ಒಂದು ನಿಂತರೆ ಆ ಮೂಲೆ ಕುಸಿದು ಗಾಡಿ ಮಗುಚುತ್ತದೆ. ಸವಾರ ಎಷ್ಟೇ ಜಾಣನಾದರೂ ಅಲ್ಲಿ ಮಾಡುವಂಥದ್ದು ಉಳಿದಿರುವುದಿಲ್ಲ.

ಎರಡನೆಯದು ಜಪಾನಿನ ಎ.ಎಲ್.ಐ. ಟೆಕ್ನಾಲಜೀಸ್ ತಂದ ಎಕ್ಸ್‌ಟುರಿಸ್ಮೊ. 2021ರ ಅಕ್ಟೋಬರ್‌ನಲ್ಲಿ ಹೊರಬಂತು. 300 ಕಿಲೋ ತೂಕ, ಕವಾಸಾಕಿ ಎಂಜಿನ್ ಜೊತೆಗೆ ಬ್ಯಾಟರಿ, 40 ನಿಮಿಷ ಹಾರುತ್ತದೆ ಅಂತ ಹೇಳಿಕೆ. ಬೆಲೆ 7.77 ಕೋಟಿ ಯೆನ್. ಮಿತ್ಸುಬಿಷಿ ಎಲೆಕ್ಟ್ರಿಕ್, ಕ್ಯೋಸೆರಾದಂಥ ದೊಡ್ಡವರ ಹಣ ಬೆನ್ನಿಗಿತ್ತು. 2022ರಲ್ಲಿ ಡೆಟ್ರಾಯಿಟ್ ಆಟೊ ಶೋದಲ್ಲಿ ಹಾರಿಸಿ ತೋರಿಸಿದರು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಕಂಪನಿ ದಿವಾಳಿಯಾಯಿತು. ಈಗ ಅದರ ಒಂದು ಪ್ರೊಪೆಲ್ಲರ್ ಬೇಕು ಅಂದರೆ ಯಾರನ್ನು ಕೇಳುತ್ತೀರಿ? ರಸ್ತೆ ಬೈಕಿಗೆ ಬಿಡಿಭಾಗ ಸಿಗದಿದ್ದರೆ ಶೆಡ್ಡಿನಲ್ಲಿ ನಿಲ್ಲಿಸಬಹುದು, ಇಲ್ಲ ಗುಜರಿಯಿಂದ ಏನೋ ತಂದು ಜೋಡಿಸಬಹುದು. ಹಾರುವ ಗಾಡಿಗೆ ಆ ಜೋಡಣೆ ಜೀವದ ಪ್ರಶ್ನೆ.

ಮೂರನೆಯದು ವೊಲೊನಾಟ್ ಏರ್‌ಬೈಕ್. ಪೋಲೆಂಡಿನ ಟೊಮಾಷ್ ಪಾಟಾನ್ 2025ರಲ್ಲಿ ತೋರಿಸಿದ್ದು. ಪ್ರೊಪೆಲ್ಲರ್ ಇಲ್ಲ, ಜೆಟ್ ಎಂಜಿನ್. ಗಾಡಿಯ ತೂಕ 30 ಕಿಲೋ, ವೇಗ ಗಂಟೆಗೆ 200 ಕಿಲೋಮೀಟರ್, ಹಾರಾಟ ಹತ್ತು ನಿಮಿಷ ಅಂತ ಅವರ ಮಾತು. ಮರಗಳ ನಡುವೆ ಅದು ಸುಯ್ಯೆಂದು ಹೋಗುವುದನ್ನು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಅಲಗಿನ ಭಯ ಇಲ್ಲ, ಅದು ನಿಜವಾದ ಲಾಭ. ಆದರೆ ರೆಕ್ಕೆಯೂ ಇಲ್ಲ. ಜೆಟ್ ನಿಂತರೆ ತೇಲಿಸುವಂಥದ್ದು ಇನ್ನೊಂದಿಲ್ಲ.

ಬ್ರಿಟನ್ನಿನ ಮಲಾಯ್ ಕಂಪನಿಯ ಕಥೆಯನ್ನೂ ಇಲ್ಲಿ ಹೇಳಬೇಕು. ಹೋವರ್‌ಬೈಕ್ ಮಾಡಿಯೇ ಹೆಸರಾದವರು ಅವರು. ಅಮೆರಿಕದ ಸೇನೆಯೂ ಆಸಕ್ತಿ ತೋರಿಸಿತ್ತು. ಕೊನೆಗೆ ಮನುಷ್ಯನನ್ನು ಕೂರಿಸುವುದು ಬಿಟ್ಟು ಸಾಮಾನು ಹೊರುವ ಡ್ರೋನ್ ಕಡೆ ಹೊರಳಿದರು. ಆ ವ್ಯವಹಾರ ಚೆನ್ನಾಗಿ ಬೆಳೆಯಿತು. 2024ರಲ್ಲಿ ಬ್ರಿಟನ್ನಿನ ದೊಡ್ಡ ರಕ್ಷಣಾ ಕಂಪನಿ ಬಿಎಇ ಸಿಸ್ಟಮ್ಸ್ ಅವರನ್ನು ಕೊಂಡುಕೊಂಡಿತು. ಇದೇ ತಂತ್ರ ಅಕ್ಕಿಮೂಟೆ ಹೊರಲು ಸರಿ, ಮನುಷ್ಯನನ್ನು ಹೊರಲು ಇನ್ನೂ ಸಾಲದು ಅಂತ ನಾನು ಇದರಿಂದ ಅರ್ಥ ಮಾಡಿಕೊಂಡೆ.

ಹಾಗಾಗಿ ಬೈಕ್ ರೂಪದ ಗಾಡಿಗೆ ಮುಂಗಡ ಕಟ್ಟುವುದು ಇವತ್ತಿಗೆ ಬೇಡ. ಎಷ್ಟೇ ಹಣ ಇದ್ದರೂ ಬೇಡ.

ಎಂಟು ಮೋಟರಿನ ಒಂಟಿ ಸೀಟು

ಅಕ್ಕನ ಮಗ ಕಣ್ಣು ಹಾಕಿದ್ದು ಬೈಕ್ ಅಂದುಕೊಂಡು, ಆದರೆ ಅವನು ಕಳಿಸಿದ ಲಿಂಕ್ ಜೆಟ್ಸನ್ ಒನ್‌ದು. ಅದು ಬೈಕಲ್ಲ, ಪುಟ್ಟ ರೇಸ್ ಕಾರಿನ ಥರ. ಸುತ್ತ ಅಲ್ಯೂಮಿನಿಯಂ ಪಂಜರ, ನಡುವೆ ಸೀಟು, ನಾಲ್ಕು ತೋಳಿಗೆ ಎರಡೆರಡರಂತೆ ಎಂಟು ಮೋಟರ್. ಒಂದು ಮೋಟರ್ ಕೆಟ್ಟರೆ ಅದೇ ತೋಳಿನ ಇನ್ನೊಂದು ಎತ್ತಿಹಿಡಿಯುತ್ತದೆ. ಇಡೀ ಗಾಡಿಗೆ ರಾಕೆಟ್ ಪ್ಯಾರಾಚೂಟ್ ಇದೆ. ವೇಗ ಗಂಟೆಗೆ 102 ಕಿಲೋಮೀಟರಿಗೆ ಕಟ್ಟಿದ್ದಾರೆ, ಹಾರಾಟ ಸುಮಾರು 20 ನಿಮಿಷ, ಸವಾರ 95 ಕಿಲೋ ಮೀರಬಾರದು. 92,000 ಡಾಲರ್‌ಗೆ ಶುರುವಾದ ಬೆಲೆ ಆಮೇಲೆ 1.28 ಲಕ್ಷಕ್ಕೆ ಏರಿತು. ನಮ್ಮ ಲೆಕ್ಕದಲ್ಲಿ ಕೋಟಿ ದಾಟಿತು. ವರ್ಷಗಟ್ಟಲೆ ಕಾಯಿಸಿ, 2025ರಲ್ಲಿ ಮೊದಲ ಗಿರಾಕಿಯಾಗಿ ಕ್ಯಾಲಿಫೋರ್ನಿಯಾದ ಉದ್ಯಮಿ ಪಾಮರ್ ಲಕಿಗೆ ಕೊಟ್ಟರು. ಮೇಲೆ ಹೇಳಿದ ಪಾಟಾನ್ ಈ ಜೆಟ್ಸನ್ ಕಂಪನಿ ಕಟ್ಟಿದವರಲ್ಲೂ ಒಬ್ಬರು.

ಇದರ ಪಕ್ಕಕ್ಕೆ ಇಡಬೇಕಾದದ್ದು ಪಿವೋಟಲ್ ಕಂಪನಿಯ ಹೀಲಿಕ್ಸ್. 2024ರ ಜನವರಿಯಲ್ಲಿ ಮಾರಾಟಕ್ಕೆ ತೆರೆದರು, ಬೆಲೆ 1.9 ಲಕ್ಷ ಡಾಲರ್‌ನಿಂದ ಶುರು. ಇದಕ್ಕೂ ಎಂಟು ಮೋಟರ್. ಆದರೆ ಮುಂದೊಂದು ಹಿಂದೊಂದು ರೆಕ್ಕೆ ಇದೆ. ಮೇಲೆದ್ದ ಮೇಲೆ ಇಡೀ ಗಾಡಿ ಮುಂದಕ್ಕೆ ವಾಲಿ ರೆಕ್ಕೆಯ ಮೇಲೆ ಹಾರುತ್ತದೆ. ರೆಕ್ಕೆ ಭಾರ ಹೊರುವುದರಿಂದ ಬ್ಯಾಟರಿ ಉಳಿಯುತ್ತದೆ, 30 ಕಿಲೋಮೀಟರಿಗೂ ಜಾಸ್ತಿ ಹೋಗಬಹುದು. ಇದಕ್ಕೂ ಇಡೀ ಗಾಡಿಯ ಪ್ಯಾರಾಚೂಟ್ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಗಾಡಿ ಕೊಡುವ ಮೊದಲು ಎರಡು ವಾರದ ಹತ್ತಿರ ಕೂರಿಸಿ ಕಲಿಸುತ್ತಾರೆ. ಒಂದು ಗಂಟೆಯಲ್ಲಿ ಕಲಿಯಬಹುದು ಅನ್ನುವವರಿಗಿಂತ ಎರಡು ವಾರ ಬೇಕು ಅನ್ನುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಇವೆರಡರ ನಡುವೆ ಆಯ್ಕೆ ಹೀಗೆ. ಹೊಲದ ಮೇಲೆ ಸುಮ್ನೆ ಆಟ ಆಡಬೇಕು, ಗಾಳಿ ಮುಖಕ್ಕೆ ಬಡಿಯಬೇಕು ಅಂದರೆ ಜೆಟ್ಸನ್. ಇಲ್ಲಿಂದ ಅಲ್ಲಿಗೆ ಹೋಗಿ ಬಂದೆ ಅನ್ನುವ ಹಾರಾಟ ಬೇಕು ಅಂದರೆ ಹೀಲಿಕ್ಸ್. ಎರಡಕ್ಕೂ ಒಂದೇ ದೌರ್ಬಲ್ಯ: ಎಲ್ಲವೂ ಸಾಫ್ಟ್‌ವೇರ್ ಮತ್ತು ಬ್ಯಾಟರಿಯ ಮೇಲೆ ನಿಂತಿದೆ. ಒಂದು ಮೋಟರ್ ಹೋದರೆ ಇನ್ನೊಂದಿದೆ, ಸರಿ. ಕರೆಂಟೇ ಹೋದರೆ ಪ್ಯಾರಾಚೂಟ್ ಒಂದೇ ದಿಕ್ಕು, ಅದಕ್ಕೆ ಎತ್ತರ ಬೇಕು.

ಲೈಸೆನ್ಸ್ ಬೇಡ ಅನ್ನುವುದು ಅಮೆರಿಕದ ಮಟ್ಟಿಗೆ ನಿಜ. ಅಲ್ಲಿ 1982ರಲ್ಲಿ ಬಂದ ಪಾರ್ಟ್ 103 ಅನ್ನುವ ನಿಯಮ ಇದೆ. ಒಬ್ಬರೇ ಕೂರಬೇಕು, ಖಾಲಿ ತೂಕ 254 ಪೌಂಡ್ ಒಳಗಿರಬೇಕು, ಅಂದರೆ ಸುಮಾರು 115 ಕಿಲೋ. ಪ್ಯಾರಾಚೂಟ್‌ನಂಥ ರಕ್ಷಣೆಯ ಸಾಧನಗಳ ತೂಕವನ್ನು ಇದರಲ್ಲಿ ಸೇರಿಸುವುದಿಲ್ಲ. ವೇಗ 55 ನಾಟ್, ಅಂದರೆ ಗಂಟೆಗೆ ಸುಮಾರು 102 ಕಿಲೋಮೀಟರ್ ಮೀರಬಾರದು. ಆದರೆ ಅದೇ ನಿಯಮದ ಮುಂದಿನ ಸಾಲುಗಳನ್ನೂ ಓದಬೇಕು. ಮನರಂಜನೆಗೆ ಮಾತ್ರ. ಹಗಲಲ್ಲಿ ಮಾತ್ರ. ಊರಿನ ಜನನಿಬಿಡ ಜಾಗದ ಮೇಲೆ, ಜನ ಸೇರಿದ ಬಯಲಿನ ಮೇಲೆ ಹಾರುವ ಹಾಗಿಲ್ಲ. ವಿಮಾನ ನಿಲ್ದಾಣದ ಸುತ್ತಲ ನಿಯಂತ್ರಿತ ಆಕಾಶಕ್ಕೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ಆಫೀಸಿಗೆ ಹಾರಿಕೊಂಡು ಹೋಗುವ ಕನಸು ಅಲ್ಲಿಗೆ ಮುಗಿಯಿತು.

ಬೆನ್ನಿಗೆ ಕಟ್ಟುವ ಜೆಟ್ ಬಗ್ಗೆಯೂ ಕೇಳುತ್ತಾರೆ. ಅದು ಬೇರೆಯದೇ ಲೋಕ. ಫ್ರಾನ್ಸಿನ ಫ್ರಾಂಕಿ ಜಪಾಟಾ 2019ರ ಆಗಸ್ಟ್ 4ರಂದು ಜೆಟ್ ಕಟ್ಟಿದ ಹಲಗೆಯ ಮೇಲೆ ನಿಂತು ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. 35 ಕಿಲೋಮೀಟರಿಗೆ 22 ನಿಮಿಷ, ನಡುವೆ ದೋಣಿಯ ಮೇಲೆ ಇಳಿದು ಇಂಧನ ತುಂಬಿಸಿಕೊಂಡರು. ಅದಕ್ಕೆ ಹತ್ತು ದಿನ ಮುಂಚೆ ಹೀಗೇ ಇಂಧನಕ್ಕಾಗಿ ದೋಣಿಯ ಮೇಲೆ ಇಳಿಯಲಾಗದೆ ನೀರಿಗೆ ಬಿದ್ದಿದ್ದರು. ಇಂಗ್ಲೆಂಡಿನ ಬೆಟ್ಟಗಾಡಿನಲ್ಲಿ 2020ರಲ್ಲಿ ಗ್ರಾವಿಟಿ ಕಂಪನಿಯ ಜೆಟ್ ಸೂಟಿನಿಂದ ಒಂದು ಪರೀಕ್ಷೆ ಮಾಡಿದರು. ನಡೆದು ಹೋಗಲು 25 ನಿಮಿಷ ಹಿಡಿಯುವ ಕಡೆಗೆ ಪ್ಯಾರಾಮೆಡಿಕ್ ಒಂದೂವರೆ ನಿಮಿಷದಲ್ಲಿ ತಲುಪಬಹುದು ಅಂತ ತೋರಿಸಿದರು. ಇಂಥ ಕೆಲಸಕ್ಕೆ ಅದು ಒದಗಲಿ ಅಂತ ಮನಸಾರೆ ಬಯಸುತ್ತೇನೆ. ನಮ್ಮ ಸೇನೆಯೂ 2023ರಲ್ಲಿ 48 ಜೆಟ್ ಸೂಟುಗಳಿಗೆ ಬೇಡಿಕೆ ಇಟ್ಟಿತ್ತು. ಆದರೆ ಹವ್ಯಾಸಕ್ಕೆ ಬೇಡ. ಬೆನ್ನಿಗೆ ರೆಕ್ಕೆ ಮತ್ತು ಜೆಟ್ ಕಟ್ಟಿ ಹಾರುವುದರಲ್ಲಿ ಜಗತ್ತಿನಲ್ಲೇ ಪಳಗಿದವರಲ್ಲಿ ಒಬ್ಬರಾಗಿದ್ದ ವಿನ್ಸ್ ರೆಫೆ 2020ರ ನವೆಂಬರ್‌ನಲ್ಲಿ ದುಬೈಯಲ್ಲಿ ಅಭ್ಯಾಸದ ವೇಳೆ ಪ್ರಾಣ ಕಳೆದುಕೊಂಡರು.

ಪ್ಯಾರಾಮೋಟರ್

ಬೆನ್ನಿಗೆ 25ರಿಂದ 30 ಕಿಲೋ ತೂಕದ ಟೂ ಸ್ಟ್ರೋಕ್ ಎಂಜಿನ್, ಅದರ ಸುತ್ತ ಪಂಜರ, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಹತ್ತಿಪ್ಪತ್ತು ಹೆಜ್ಜೆ ಓಡಿದರೆ ನೆಲ ಬಿಡುತ್ತದೆ. ವೇಗ ಗಂಟೆಗೆ 40ರಿಂದ 60 ಕಿಲೋಮೀಟರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹತ್ತು ಲೀಟರ್ ತುಂಬಿದರೆ ಎರಡು ಗಂಟೆಗೂ ಮಿಕ್ಕಿ ಹಾರಬಹುದು. ಎಂಜಿನ್, ರೆಕ್ಕೆ ಎರಡೂ ಹೊಸದು ಅಂದರೆ ಏಳರಿಂದ ಹತ್ತು ಲಕ್ಷ ಆಗುತ್ತದೆ. ಕೋಟಿಯ ಗಾಡಿ ಇಪ್ಪತ್ತು ನಿಮಿಷ, ಹತ್ತು ಲಕ್ಷದ್ದು ಎರಡು ಗಂಟೆ. ಸ್ವಲ್ಪ ಯೋಚಿಸಿ.

ಈಗ ನನ್ನ ಮೊದಲ ಪ್ರಶ್ನೆಗೆ ಬರೋಣ. ನಾಲ್ಕು ವರ್ಷದ ಹಿಂದೆ, ಜನವರಿ ತಿಂಗಳು, ಚಿತ್ರದುರ್ಗ ಜಿಲ್ಲೆಯ ಬಯಲು. ಅನುಮತಿ ಪಡೆದು ನಡೆಸಿದ ಕ್ಯಾಂಪು. ಬೆಳಗ್ಗೆ ಏಳು ಗಂಟೆ. ನೂರು ಮೀಟರ್ ಮೇಲಿದ್ದೆ. ಎಂಜಿನ್ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ನಿಂತಿತು. ಒಮ್ಮೆಲೇ ಎಷ್ಟು ನಿಶ್ಶಬ್ದ ಅಂದರೆ ಕೆಳಗೆ ಯಾರದೋ ಹೊಲದಲ್ಲಿ ನಾಯಿ ಬೊಗಳುವುದು ಕೇಳಿಸಿತು. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೇಲೆ ರೆಕ್ಕೆ ಹಾಗೇ ಅರಳಿತ್ತು. ಕೆಳಗೆ ಬರಲು ಸುಮಾರು ಒಂದು ನಿಮಿಷ ಇತ್ತು. ಎಡಕ್ಕೆ ಪಂಪ್‌ಸೆಟ್ಟಿನ ಕರೆಂಟ್ ಲೈನು, ಬಲಕ್ಕೆ ಕೊಯ್ಲಾದ ರಾಗಿ ಹೊಲ. ಬಲಕ್ಕೆ ತಿರುಗಿಸಿದೆ. ಗಾಳಿಗೆ ಎದುರಾಗಿ ಬಂದು, ಕೊನೆಯ ಗಳಿಗೆಯಲ್ಲಿ ರೆಕ್ಕೆಯ ಎರಡೂ ಬ್ರೇಕ್ ದಾರ ಎಳೆದು, ನಾಲ್ಕು ಹೆಜ್ಜೆ ಓಡಿ ನಿಂತೆ. ರಾಗಿ ಕೂಳೆ ಚುಚ್ಚಿ ಪ್ಯಾಂಟು ಸ್ವಲ್ಪ ಹರಿಯಿತು. ಅಷ್ಟೇ. ನೋಡಿದರೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಸಡಿಲವಾಗಿತ್ತು. ಬೆಳಗ್ಗೆ ಅದನ್ನು ಒತ್ತಿ ನೋಡದೇ ಇದ್ದದ್ದು ನನ್ನದೇ ತಪ್ಪು.

ಇದೇ ಕ್ಯಾಪ್ ಹಾರುವ ಬೈಕಿನಲ್ಲಿ ಸಡಿಲವಾಗಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಹಾಗಂತ ಪ್ಯಾರಾಮೋಟರ್ ಆಟದ ಸಾಮಾನಲ್ಲ. ಅಪಾಯಗಳನ್ನು ಮುಚ್ಚಿಡದೆ ಹೇಳುತ್ತೇನೆ. ಒಂದು, ಪ್ರೊಪೆಲ್ಲರ್. ನೆಲದ ಮೇಲಿಟ್ಟು ಎಂಜಿನ್ ಸ್ಟಾರ್ಟ್ ಮಾಡುವಾಗ ಥ್ರಾಟಲ್ ಸಿಕ್ಕಿಹಾಕಿಕೊಂಡರೆ ಅದು ಮೇಲೆ ಎಗರುತ್ತದೆ. ಕೈ, ಬೆರಳು ಹೋಗಿರುವುದು ಹೀಗೆಯೇ. ಎರಡು, ನೀರು. ಬೆನ್ನಿಗೆ 30 ಕಿಲೋ ಕಟ್ಟಿಕೊಂಡು ಕೆರೆಗೆ ಬಿದ್ದರೆ ಈಜು ಬಂದರೂ ಮೇಲೆ ಬರುವುದು ಕಷ್ಟ. ನೀರು ತಾಗಿದ ಕೂಡಲೇ ತಾನಾಗಿ ಉಬ್ಬುವ ತೇಲುಚೀಲ ಇಲ್ಲದೆ ಕೆರೆಯ ಮೇಲೆ ಹೋಗಲೇಬೇಡಿ. ಮೂರು, ಬಿಸಿಲು. ಹತ್ತು ಗಂಟೆ ಮೇಲೆ ನೆಲ ಕಾದು ಗಾಳಿ ಬುಗ್ಗೆಯಂತೆ ಏಳುತ್ತದೆ, ರೆಕ್ಕೆ ಒಂದು ಕಡೆ ಮಡಚಬಹುದು. ಅದಕ್ಕೇ ನಾವು ಸೂರ್ಯ ಹುಟ್ಟಿದ ಒಂದೆರಡು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ ಬಿಟ್ಟರೆ ಹಾರುವುದಿಲ್ಲ. ಮಿಕ್ಕ ಹೊತ್ತು ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡುತ್ತಾ ಕಾಫಿ ಕುಡಿಯುವುದು. ಎಷ್ಟೋ ಸಲ ನೂರಿನ್ನೂರು ಕಿಲೋಮೀಟರ್ ಹೋಗಿ ಹಾರದೇ ವಾಪಸ್ ಬಂದಿದ್ದೇನೆ. ಹಾಗೆ ವಾಪಸ್ ಬರಲು ಮನಸ್ಸು ಒಪ್ಪದವರಿಗೆ ಈ ಹವ್ಯಾಸ ಬೇಡ.

ಮೈಕ್ರೋಲೈಟ್, ಗೈರೋಕಾಪ್ಟರ್

ಓಡಿ ಎದ್ದೇಳಲು ಮಂಡಿ ಒಪ್ಪದವರಿಗೆ, ಪಕ್ಕದಲ್ಲಿ ಹೆಂಡತಿಯೋ ಮಗನೋ ಇರಲಿ ಅನ್ನುವವರಿಗೆ ಮೈಕ್ರೋಲೈಟ್ ಸರಿ. ಎರಡು ಸೀಟು, ಚಕ್ರ, ಗಟ್ಟಿ ರೆಕ್ಕೆ. ಎಂಜಿನ್ ನಿಂತರೂ ತೇಲಿಸಿಕೊಂಡು ಹೊಲದಲ್ಲಿ ಇಳಿಸಬಹುದು. ಬೆಂಗಳೂರಿನವರಿಗೆ ಜಕ್ಕೂರು ಇದೆ. 1948ರಲ್ಲಿ ಶುರುವಾದ ಸರ್ಕಾರಿ ಹಾರಾಟ ತರಬೇತಿ ಶಾಲೆಯ ಮೈದಾನ ಅದು. ಅಲ್ಲಿ ಕೆಲವು ಸಾವಿರ ರೂಪಾಯಿಗೆ ಮೈಕ್ರೋಲೈಟಿನಲ್ಲಿ ಹತ್ತು ನಿಮಿಷ ಕರೆದುಕೊಂಡು ಹೋಗುತ್ತಿದ್ದರು. ವಿಚಾರಿಸಿ ನೋಡಿ. ಕೋಟಿಯ ಮಾತಾಡುವ ಮೊದಲು ಈ ಹತ್ತು ನಿಮಿಷ ಕಳೆಯಿರಿ. ಹೊಟ್ಟೆ ತೊಳಸುತ್ತದಾ, ಕಣ್ಣು ಅರಳುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ. ಸ್ವಂತಕ್ಕೆ ಕೊಳ್ಳಬೇಕು ಅಂದರೆ ಗಾಡಿಗೆ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನೋಂದಣಿ, ನಿಮಗೆ ಲೈಸೆನ್ಸ್, ನಿಲ್ಲಿಸಲು ಜಾಗ ಎಲ್ಲ ಬೇಕು. ಖರ್ಚು ಕೊಳ್ಳುವಾಗ ಮಾತ್ರ ಅಲ್ಲ, ಪ್ರತಿ ತಿಂಗಳೂ ಇರುತ್ತದೆ.

ಗೈರೋಕಾಪ್ಟರ್‌ನ ತಲೆಯ ಮೇಲಿನ ರೆಕ್ಕೆಗೆ ಎಂಜಿನ್ ಜೋಡಣೆ ಇರುವುದಿಲ್ಲ, ಹಾರುವಾಗ ಗಾಳಿಗೇ ತಿರುಗುತ್ತದೆ. ಹಾಗಾಗಿ ಎಂಜಿನ್ ನಿಂತರೂ ಅದು ತಿರುಗುತ್ತಾ ಇಳಿಯುತ್ತದೆ. ತೆರೆದ ಸೀಟು, ಕೈಯಲ್ಲಿ ಹಿಡಿ, ಚುರುಕು ತಿರುವು. ಬೈಕ್ ಓಡಿಸಿದ ಖುಷಿಗೆ ಅತಿ ಹತ್ತಿರ ಇರುವುದು ಇದೇ ಅಂತ ನನ್ನ ಅನಿಸಿಕೆ. ಆದರೆ ಮೂಗನ್ನು ಒಮ್ಮೆಲೇ ಕೆಳಕ್ಕೆ ಒತ್ತಿದರೆ ಮೇಲಿನ ರೆಕ್ಕೆಯ ಮೇಲಿನ ಭಾರ ತಪ್ಪಿ ಗಾಡಿ ಮಗುಚಬಹುದು. ಬೈಕಿನ ಕೈಚಳಕವನ್ನು ಇಲ್ಲಿಗೆ ತರಬಾರದು, ಹೊಸದಾಗಿ ಕಲಿಯಬೇಕು.

ನಮ್ಮ ನೆಲದ ಮಾತು

ಭಾರತದಲ್ಲಿ ಅಮೆರಿಕದ ಪಾರ್ಟ್ 103ರಂಥ ರಿಯಾಯಿತಿ ಇಲ್ಲ. 2021ರ ಡ್ರೋನ್ ನಿಯಮಗಳು ಮನುಷ್ಯ ಕೂರದ ಯಂತ್ರಗಳಿಗೆ. ಮೇಲೆ ಮನುಷ್ಯ ಕೂತ ಕೂಡಲೇ ಅದು ವಿಮಾನ. 2022ರ ರಾಷ್ಟ್ರೀಯ ವಾಯು ಕ್ರೀಡಾ ನೀತಿಯಲ್ಲಿ ಪ್ಯಾರಾಗ್ಲೈಡಿಂಗ್, ಪ್ಯಾರಾಮೋಟರಿಂಗ್, ಮೈಕ್ರೋಲೈಟಿಂಗ್ ಎಲ್ಲ ಹೆಸರಿಸಿ ಸೇರಿಸಿದ್ದಾರೆ. ಹಾರುವ ಬೈಕ್ ಅದರಲ್ಲಿ ಇಲ್ಲ. "ತರಿಸಿಕೊಡ್ತೀವಿ ಸಾರ್, ಪೇಪರ್ ಎಲ್ಲ ನಾವು ನೋಡ್ಕೋತೀವಿ" ಅಂತ ಯಾರಾದರೂ ಹೇಳಿದರೆ ಆ ಪೇಪರ್ ಮೊದಲು ತೋರಿಸಲು ಹೇಳಿ.

ಬೆಂಗಳೂರಿನ ಆಕಾಶವಂತೂ ತುಂಬಿಹೋಗಿದೆ. ದೇವನಹಳ್ಳಿ, ಎಚ್‌ಎಎಲ್, ಯಲಹಂಕದ ವಾಯುನೆಲೆ, ಜಕ್ಕೂರು, ಎಲ್ಲ ಒತ್ತೊತ್ತಾಗಿ. ಖಾಲಿ ಬಯಲು ಅಂತ ಚಳ್ಳಕೆರೆ ಕಡೆ ಹೊರಡುವವರಿಗೂ ಒಂದು ಮಾತು, ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಇದೆ. ಎಲ್ಲಿ ಹಾರುವುದಾದರೂ ಅನುಮತಿ ಕೈಯಲ್ಲಿರಬೇಕು.

ನಮ್ಮ ಗಾಳಿಯದ್ದೂ ಒಂದು ಲೆಕ್ಕ ಇದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ, ಕಂಪನಿಗಳು ಲೆಕ್ಕಕ್ಕೆ ಹಿಡಿಯುವ ಸಮುದ್ರಮಟ್ಟದ ತಂಪು ಗಾಳಿಗಿಂತ ಸುಮಾರು ನೂರಕ್ಕೆ 15ರಷ್ಟು ತೆಳು. ಅಷ್ಟೇ ಭಾರ ಎತ್ತಲು ಮೋಟರ್ ಹೆಚ್ಚು ದುಡಿಯಬೇಕು. ಕಾಗದದ ಮೇಲಿನ ಇಪ್ಪತ್ತು ನಿಮಿಷ ಇಲ್ಲಿ ಇಪ್ಪತ್ತಾಗಿ ಉಳಿಯುವುದಿಲ್ಲ. ಇದರ ಜೊತೆಗೆ ಹದ್ದುಗಳು, ಕರೆಂಟ್ ತಂತಿ, ಗಾಳಿಪಟದ ಮಾಂಜಾ ದಾರ.

ವಿಮೆಯನ್ನೂ ಈಗಲೇ ತೆಗೆದು ಓದಿ. ಬಹಳಷ್ಟು ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ.

ಮೂವರಿಗೂ ನಾನು ಹೇಳಿದ್ದು

ಅಕ್ಕನ ಮಗನಿಗೆ: ಈಗಲೇ ಬುಕ್ ಮಾಡಬೇಡ ಮರಿ. ನಿಮ್ಮ ಆಸ್ಟಿನ್‌ನಲ್ಲೇ ಲಿಫ್ಟ್ ಅನ್ನುವ ಕಂಪನಿ ಇದೆ. 18 ಮೋಟರಿನ ಹೆಕ್ಸಾ ಅನ್ನುವ ಗಾಡಿಯನ್ನು ಮಾರುವ ಬದಲು ಟಿಕೆಟ್ ಕೊಟ್ಟು ಹಾರಿಸುವುದು ಅವರ ಯೋಜನೆ. ಅದು ಎಲ್ಲಿ, ಯಾವಾಗ ನಡೆಯುತ್ತದೆ ಅಂತ ವಿಚಾರಿಸು. ಒಮ್ಮೆ ಹಾರಿ ನೋಡಿದ ಮೇಲೂ ಕೊಳ್ಳಲೇಬೇಕು ಅನಿಸಿದರೆ ಹೀಲಿಕ್ಸ್‌ನವರ ತರಬೇತಿ ಬಗ್ಗೆ ಮಾತಾಡು. ಮುಂಗಡ ವಾಪಸ್ ಬರುತ್ತದಾ ಅಂತ ಬರಹದಲ್ಲಿ ಕೇಳು. ಇಷ್ಟರವರೆಗೆ ಎಷ್ಟು ಗಾಡಿ ಗಿರಾಕಿಗಳ ಕೈಗೆ ಕೊಟ್ಟಿದ್ದಾರೆ, ಅದನ್ನೂ ಕೇಳು. ನಿನ್ನ ತೂಕ ಸರಿಯಾಗಿ ಹೇಳು, ಬಟ್ಟೆ, ಹೆಲ್ಮೆಟ್ ಎಲ್ಲ ಸೇರಿಸಿ.

ಅಡಿಕೆ ಗೆಳೆಯರಿಗೆ: ಹನ್ನೆರಡು ಲಕ್ಷದಲ್ಲಿ ಪ್ಯಾರಾಮೋಟರ್, ಕಲಿಕೆ, ರಿಸರ್ವ್ ಪ್ಯಾರಾಚೂಟ್, ತೇಲುಚೀಲ ಎಲ್ಲ ಬರುತ್ತದೆ. ಆದರೆ ನಿಮ್ಮ ಊರಿನಲ್ಲಿ ಹಾರಬೇಡಿ. ಮಲೆನಾಡು ಹಾರಾಟಕ್ಕೆ ಬಲು ಕಷ್ಟದ ಜಾಗ. ಕೆಳಗೆ ಅಡಿಕೆ ತೋಟ, ಆಚೆ ಕಾಡು, ಈಚೆ ಹೊಳೆ. ಎಂಜಿನ್ ನಿಂತರೆ ಇಳಿಯಲು ಒಂದು ಬಯಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಯಲುಸೀಮೆಗೆ ಬನ್ನಿ, ಕೊಯ್ಲಾದ ಹೊಲ ಬೇಕಾದಷ್ಟಿವೆ. ಹೊಲದವರನ್ನು ಮೊದಲು ಕೇಳಿ, ಇಳಿದ ಮೇಲೆ ಮಾತಾಡಿಸಿ ಹೋಗಿ. ವರ್ಷಕ್ಕೆ ಮೂವತ್ತು ದಿನ ಸಿಕ್ಕರೆ ಅದೇ ದೊಡ್ಡದು. ಅಷ್ಟು ದಿನ ತೋಟ ಬಿಟ್ಟು ಬರಲು ಆಗದಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ಹಾರಿ.

ಮೈಸೂರಿನ ಹುಡುಗಿಗೆ ಬೇರೆ ಯೋಚನೆಯೇ ಬೇಕಿಲ್ಲ. ಮೂವತ್ತು ಸಾವಿರಕ್ಕೆ ಪ್ಯಾರಾಗ್ಲೈಡಿಂಗ್ ಕಲಿಯಲು ಶುರು ಮಾಡಬಹುದು. ಅದೇ ಥರದ ಬಟ್ಟೆಯ ರೆಕ್ಕೆ, ಎಂಜಿನ್ನೇ ಇಲ್ಲದ ಹಾರಾಟ, ಹಾಗಾಗಿ ಅದು ನಿಲ್ಲುವ ಮಾತೂ ಇಲ್ಲ. ಗಾಳಿ ಓದುವುದು ಕಲಿತವರಿಗೆ ಆಮೇಲೆ ಪ್ಯಾರಾಮೋಟರ್ ಸುಲಭ. ಹತ್ತಿರದಲ್ಲಿ ಮಹಾರಾಷ್ಟ್ರದ ಕಾಮ್‌ಶೇತ್ ಇದೆ, ದೂರದಲ್ಲಿ ಹಿಮಾಚಲದ ಬೀರ್ ಬಿಲ್ಲಿಂಗ್. ಬಿಲ್ಲಿಂಗ್‌ನಿಂದ ಹಾರಿದರೆ ಸುಮಾರು ಸಾವಿರ ಮೀಟರ್ ಕೆಳಗೆ ಬೀರ್‌ನಲ್ಲಿ ಇಳಿಯುವುದು. 2015ರ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಅಲ್ಲಿ ಹಾರಾಟ ಬಂದ್. ಮೊದಲು ಬೋಧಕರ ಜೊತೆ ಒಂದು ಜೋಡಿ ಹಾರಾಟ ಮಾಡು, ಆಮೇಲೆ ಕೋರ್ಸಿಗೆ ಹಣ ಕಟ್ಟು ಅಂದೆ.

ಅವಳು ಅಕ್ಟೋಬರ್‌ಗೆ ರೈಲು ಟಿಕೆಟ್ ಮಾಡಿಸಿದ್ದಾಳೆ. ಮೊನ್ನೆ ಫೋನ್ ಮಾಡಿ, "ಅಂಕಲ್, ಶೂ ಯಾವುದು ತಗೊಳ್ಲಿ?" ಅಂತ ಕೇಳಿದಳು. ಪಾದದ ಗಂಟು ಮುಚ್ಚುವಂಥ ಬೂಟು ತಗೋ, ಸ್ವಲ್ಪ ಸವೆದಿರಲಿ, ಹೊಸದು ಬೇಡ ಅಂದೆ. ಕಲಿಯುವಾಗ ಇಳಿದಾಗ ಮೊದಲು ಉಳುಕೋದು ಅಲ್ಲಿಯೇ.